ನವೆಂಬರ್‌ಗೆ ಮುಂಚೆ ಆ ಕಲ್ಲನ್ನು ತೊಳೆಯಬೇಡಿ: ಇಂಗ್ಲೆಂಡಿನ ಹಳ್ಳಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕನ್ನಡ ಬಂಧುಗಳೇ, ನಮಸ್ಕಾರ.

ನಿಮ್ಮಲ್ಲಿ ಅನೇಕರು ದೊಡ್ಡ ಊರುಗಳನ್ನು ಬಿಟ್ಟು ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ಮಾಡಿದ್ದೀರಿ. ಕೆಲವರು ಹಳ್ಳಿಯ ಆಡಳಿತ ನೋಡುವ ಪ್ಯಾರಿಷ್ ಕೌನ್ಸಿಲಿನ ಸದಸ್ಯರಾಗಿದ್ದೀರಿ. ಊರಿನ ಯಾವುದೇ ಶ್ರಮದಾನಕ್ಕೆ ಮುಂದೆ ಬರುವವರಲ್ಲಿ ನೀವೂ ಇರುತ್ತೀರಿ, ಅದು ಸಂತೋಷದ ಮಾತು. ಆ ಉತ್ಸಾಹವನ್ನು ನಂಬಿಯೇ ಈ ಪತ್ರ ಬರೆಯುತ್ತಿದ್ದೇವೆ. ಪ್ರತಿ ವರ್ಷ ಅಕ್ಟೋಬರ್ ಕೊನೆಗೆ, ಯುದ್ಧದಲ್ಲಿ ಮಡಿದವರಿಗಾಗಿ ನವೆಂಬರಿನ ಎರಡನೇ ಭಾನುವಾರ ನಡೆಯುವ ಸ್ಮರಣೆ ಹತ್ತಿರ ಬಂದಾಗ, ಚರ್ಚಿನ ಅಂಗಳದಲ್ಲಿರುವ ಯುದ್ಧ ಸ್ಮಾರಕವನ್ನು "ಸ್ವಲ್ಪ ಚೊಕ್ಕ ಮಾಡೋಣ" ಎಂಬ ಮಾತು ಹೊರಡುತ್ತದೆ. ಯಾರೋ ಮನೆಯಿಂದ ನೀರನ್ನು ಜೋರಾಗಿ ಚಿಮ್ಮಿಸುವ ಪ್ರೆಷರ್ ವಾಷರ್ ತರುತ್ತಾರೆ, ಇನ್ಯಾರೋ ಬ್ಲೀಚ್ ತರುತ್ತಾರೆ. ಎರಡು ಗಂಟೆಯಲ್ಲಿ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ನೂರು ವರ್ಷದ ಮಳೆಗಾಳಿಗೂ ಅಳಿಯದ ಅಕ್ಷರಗಳ ಅಂಚು ಆ ಎರಡು ಗಂಟೆಯಲ್ಲಿ ಹೋಗಿರುತ್ತದೆ.

ದಯವಿಟ್ಟು ಇದನ್ನು ತಡೆಯಿರಿ. ಏಕೆ ತಡೆಯಬೇಕು, ಅದರ ಬದಲು ಏನು ಮಾಡಬೇಕು ಎಂಬುದನ್ನು ಕಲ್ಲಿನ ಕೆಲಸ ಬಲ್ಲವರಾಗಿ ವಿವರವಾಗಿ ಬರೆಯುತ್ತೇವೆ.

ಮೊದಲು ಆ ಕಲ್ಲು ಅಲ್ಲಿಗೆ ಬಂದ ಕಾರಣ. ಮೊದಲನೇ ಮಹಾಯುದ್ಧದಲ್ಲಿ ಸತ್ತವರ ದೇಹಗಳನ್ನು ಸ್ವದೇಶಕ್ಕೆ ತರುವಂತಿಲ್ಲ ಎಂದು ಬ್ರಿಟಿಷ್ ಸರ್ಕಾರ ಯುದ್ಧ ನಡೆಯುತ್ತಿರುವಾಗಲೇ ತೀರ್ಮಾನಿಸಿತು. ಶ್ರೀಮಂತರ ಮಗನಾಗಲಿ ಆಳಿನ ಮಗನಾಗಲಿ, ಸತ್ತಲ್ಲೇ ಮಣ್ಣು. ಲಕ್ಷಗಟ್ಟಲೆ ಮಂದಿಗೆ ಆ ಮಣ್ಣೂ ಗೊತ್ತಾಗಲಿಲ್ಲ. ಫ್ರಾನ್ಸಿನ ಟಿಯೆಪ್ವಾಲ್ ಸ್ಮಾರಕವೊಂದರಲ್ಲೇ ಸಮಾಧಿ ಪತ್ತೆಯಾಗದ 72,000ಕ್ಕೂ ಹೆಚ್ಚು ಜನರ ಹೆಸರಿದೆ. ಹಳ್ಳಿಯಲ್ಲಿದ್ದ ತಾಯಿಗೆ ಹೋಗಿ ಹೂವಿಡಲು ಒಂದು ಜಾಗವೂ ಇರಲಿಲ್ಲ. ಆಗ ಊರಿನವರೇ ಚಂದಾ ಎತ್ತಿ, ಬಹುಪಾಲು 1919ರ ನಂತರದ ಕೆಲವೇ ವರ್ಷಗಳಲ್ಲಿ, ಚರ್ಚಿನ ಬಾಗಿಲ ದಾರಿಯಲ್ಲಿ ಒಂದು ಶಿಲುಬೆ ನಿಲ್ಲಿಸಿದರು. ಇಡೀ ಬ್ರಿಟನ್ನಿನಲ್ಲಿ ಎಲ್ಲ ಬಗೆಯ ಯುದ್ಧ ಸ್ಮಾರಕಗಳು ಸೇರಿ ಸುಮಾರು ಒಂದು ಲಕ್ಷ ಇವೆ ಎಂಬ ಅಂದಾಜಿದೆ. ಸಮಾಧಿಯ ಜಾಗದಲ್ಲಿ ನಿಂತಿರುವುದು ಅಲ್ಲಿ ಕೊರೆದ ಹೆಸರು. ಶಿಲುಬೆಗೆ ಪಾಚಿ ಹಿಡಿದರೆ ನಷ್ಟವೇನೂ ಇಲ್ಲ, ಹೆಸರು ಸವೆದರೆ ಸ್ಮಾರಕವೇ ಹೋದಂತೆ.

ಭಾರತದ ಅನೇಕ ಹಳ್ಳಿಗಳಲ್ಲೂ ಅದೇ ಯುದ್ಧದ ಅಮೃತಶಿಲೆಯ ಫಲಕಗಳಿವೆ. ಈ ಊರಿನಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂದು ಸಂಖ್ಯೆ ಮಾತ್ರ ಕೆತ್ತಿದ ಫಲಕಗಳು. ಯಾರು ಹೋದರು, ಯಾರ ಮಗ ಎಂಬುದು ಅವುಗಳಲ್ಲಿ ಇಲ್ಲ. ಹೆಸರಿರುವ ಕಲ್ಲಿನ ಬೆಲೆ ಏನೆಂದು ಅಂಥ ಫಲಕ ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಕೈ ಹಚ್ಚುವ ಮುನ್ನ ಕಲ್ಲು ಯಾರದ್ದು ಎಂದು ತಿಳಿಯಬೇಕು. ಹೊಸದಾಗಿ ಬಂದವರು ಇಲ್ಲಿ ಎರಡು ಕಡೆ ಎಡವುತ್ತಾರೆ. ಪ್ಯಾರಿಷ್ ಕೌನ್ಸಿಲ್ ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಆಡಳಿತದ ಸಂಸ್ಥೆ. ಪ್ಯಾರೋಕಿಯಲ್ ಚರ್ಚ್ ಕೌನ್ಸಿಲ್ ಚರ್ಚಿನ ಸಮಿತಿ. ಎರಡಕ್ಕೂ ಸಂಬಂಧವಿಲ್ಲ. ಸ್ಮಾರಕ ಕಟ್ಟಿಸಿದ ಊರ ಸಮಿತಿ ಎಂದೋ ಬರಖಾಸ್ತಾಗಿರುವುದರಿಂದ ಎಷ್ಟೋ ಕಡೆ ಒಡೆತನದ ಕಾಗದವೇ ಸಿಗುವುದಿಲ್ಲ. 1923ರ ಯುದ್ಧ ಸ್ಮಾರಕಗಳ ಕಾಯ್ದೆ ಸ್ಥಳೀಯ ಸಂಸ್ಥೆಗೆ ದುರಸ್ತಿಗೆ ಹಣ ಖರ್ಚು ಮಾಡುವ ಅಧಿಕಾರ ಕೊಟ್ಟಿದೆ, ಆದರೆ ಮಾಡಲೇಬೇಕು ಎಂಬ ಹೊಣೆ ಹೊರಿಸಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ, ಇದೆಲ್ಲ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ (ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆಯ) ಕೆಲಸ ಎಂಬುದು. ಅದೇ ಅಂಗಳದಲ್ಲಿ ರೆಜಿಮೆಂಟಿನ ಚಿಹ್ನೆ ಕೊರೆದ, 813 ಮಿಲಿಮೀಟರ್ ಎತ್ತರ, 381 ಮಿಲಿಮೀಟರ್ ಅಗಲದ ಬಿಳಿ ಸಮಾಧಿಗಲ್ಲು ಇದ್ದರೆ ಅದು ಕಮಿಷನ್ನಿನದು, ಅದನ್ನು ನೀವು ಮುಟ್ಟುವ ಹಾಗೇ ಇಲ್ಲ. ಊರಿನ ಶಿಲುಬೆ ಅವರದ್ದಲ್ಲ, ಅದನ್ನು ಊರೇ ನೋಡಿಕೊಳ್ಳಬೇಕು.

ಚರ್ಚ್ ಆಫ್ ಇಂಗ್ಲೆಂಡಿನ ಅಂಗಳವಾದರೆ ದುರಸ್ತಿಗೆ, ಅಕ್ಷರ ಕೊರೆಯುವುದಕ್ಕೆ, ಹೊಸ ಫಲಕ ಹಾಕುವುದಕ್ಕೆ ಫ್ಯಾಕಲ್ಟಿ ಎಂಬ ಚರ್ಚಿನ ಅನುಮತಿ ಬೇಕು. ಚಿಕ್ಕ ಕೆಲಸವಾದರೆ ಆ ಪ್ರದೇಶದ ಚರ್ಚುಗಳ ಹಿರಿಯ ಅಧಿಕಾರಿಯಾದ ಆರ್ಚ್‌ಡೀಕನ್ ಅವರ ಲಿಖಿತ ಒಪ್ಪಿಗೆ ಸಾಕಾಗಬಹುದು. ಯಾವುದಕ್ಕೆ ಯಾವುದು ಎಂಬುದನ್ನು ಡಯಾಸಿಸ್ಸಿನ (ಬಿಷಪ್ಪರ ಆಡಳಿತ ಪ್ರದೇಶದ) ಸಲಹಾ ಸಮಿತಿ ಹೇಳುತ್ತದೆ, ಚರ್ಚಿನ ಆಸ್ತಿ ನೋಡಿಕೊಳ್ಳುವ ಚರ್ಚ್‌ವಾರ್ಡನ್ ಮೂಲಕ ಒಂದು ಇಮೇಲ್ ಕಳಿಸಿದರೆ ಆಯಿತು. ಸ್ಮಾರಕವೇ ಪ್ರತ್ಯೇಕವಾಗಿ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಸ್ಥಳೀಯ ಯೋಜನಾ ಇಲಾಖೆಯ ಅನುಮತಿಯೂ ಬೇಕಾಗುತ್ತದೆ. ಆ ಯುದ್ಧದ ಶತಮಾನೋತ್ಸವದ ಸಮಯದಲ್ಲಿ ಪರಂಪರೆಯ ರಕ್ಷಣೆ ನೋಡುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಸಾವಿರಾರು ಸ್ಮಾರಕಗಳನ್ನು ಪಟ್ಟಿಗೆ ಸೇರಿಸಿದೆ, ನಿಮ್ಮೂರಿನದೂ ಇರಬಹುದು. ಪಟ್ಟಿಯನ್ನು ಆನ್‌ಲೈನಿನಲ್ಲೇ ಹುಡುಕಬಹುದು. ಪಟ್ಟಿಯಲ್ಲಿರುವ ಸ್ಮಾರಕದ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು ಅಪರಾಧ. ವೇಲ್ಸ್, ಸ್ಕಾಟ್ಲೆಂಡಿನ ನಿಯಮ ಬೇರೆ, ಅಲ್ಲಿರುವವರು ಅಲ್ಲಿಯದನ್ನೇ ವಿಚಾರಿಸಬೇಕು.

ಇನ್ನು ಕಲ್ಲಿಗೆ ಬರೋಣ.

ತೊಳೆಯುವುದಕ್ಕಿಂತ ಮೊದಲು ಓದಬೇಕು. ಸಂಜೆ ಕತ್ತಲಾದ ಮೇಲೆ ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಬೆಳಕನ್ನು ಎದುರಿನಿಂದ ಬಿಡಬೇಡಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ಹೆಚ್ಚುಕಡಿಮೆ ತಾಗುವಂತೆ ಹಿಡಿಯಿರಿ. ಹಗಲಲ್ಲಿ ಕಾಣದ ಅಕ್ಷರದ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ನೆರಳಾಗಿ, ಹೆಸರು ಎದ್ದು ಕಾಣುತ್ತದೆ. ಒಬ್ಬರು ಬೆಳಕು ಹಿಡಿಯಲಿ, ಇನ್ನೊಬ್ಬರು ನೇರ ಎದುರಿನಿಂದ ಫೋಟೋ ತೆಗೆಯಲಿ. ಬೆಳಕು ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ. ಅಡ್ಡಗೆರೆಗಳು ಮೇಲಿನ ಬೆಳಕಿಗೆ, ಲಂಬಗೆರೆಗಳು ಪಕ್ಕದ ಬೆಳಕಿಗೆ ಸ್ಪಷ್ಟವಾಗುತ್ತವೆ. ಅಳತೆ ತಿಳಿಯಲು ಫೋಟೋದ ಒಳಗೆ ಒಂದು ಸ್ಕೇಲ್ ಇರಲಿ. ಹೆಸರು ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಫೋಮ್ ಬಳಿಯುವುದು ಬೇಡವೇ ಬೇಡ, ಅವು ರಂಧ್ರಗಳಲ್ಲಿ ಕೂತು ಕಲೆಯಾಗುತ್ತವೆ. ಎಷ್ಟೋ ಊರುಗಳಲ್ಲಿ ಈ ಒಂದು ಸಂಜೆಯ ಕೆಲಸದ ನಂತರ ತೊಳೆಯುವ ಅಗತ್ಯವೇ ಇಲ್ಲವೆಂದು ಗೊತ್ತಾಗುತ್ತದೆ.

ಮರುದಿನ ಹಗಲಲ್ಲಿ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಲ್ಲು ಗಟ್ಟಿ ಸದ್ದು ಕೊಡುತ್ತದೆ, ಪದರ ಬಿಟ್ಟಿದ್ದರೆ ಟೊಳ್ಳು ಸದ್ದು. ಬೆರಳು ಸವರಿದಾಗ ಹಿಟ್ಟಿನಂತೆ ಪುಡಿ ಅಂಟಿದರೆ ಅಲ್ಲಿಗೆ ನಿಲ್ಲಿಸಿ. ಟೊಳ್ಳು ಸದ್ದಾಗಲಿ, ಪುಡಿಯಾಗಲಿ, ಬಿರುಕಾಗಲಿ ಕಂಡ ಕಲ್ಲಿಗೆ ಬ್ರಷ್ ಕೂಡ ತಾಗಬಾರದು. ಅದು ಪರಿಣತ ಸಂರಕ್ಷಕರ ಕೆಲಸ. ಹೊಸ ಸಮಾಧಿಗಲ್ಲು ಮಾಡಿ ಮಾರುವವರನ್ನು ಇದಕ್ಕೆ ಕರೆಯಬೇಡಿ. ಹಳೆಯದನ್ನು ತೀಡಿ ಹೊಸದು ಮಾಡುವುದೇ ಅವರಿಗೆ ರೂಢಿ. ಇನ್‌ಸ್ಟಿಟ್ಯೂಟ್ ಆಫ್ ಕನ್ಸರ್ವೇಷನ್ ಮಾನ್ಯತೆ ಕೊಟ್ಟವರ ಪಟ್ಟಿ ಸಿಗುತ್ತದೆ, ಅದರಿಂದ ಹುಡುಕಿ.

ಕಲ್ಲಿನ ಜಾತಿಯೂ ಮುಖ್ಯ. ದಕ್ಷಿಣ ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್, ಬಾತ್, ಕಾಟ್ಸ್‌ವೋಲ್ಡ್ ಕಡೆಯ ಸುಣ್ಣಕಲ್ಲು ಹೆಚ್ಚು, ಯಾರ್ಕ್‌ಷೈರ್ ಕಡೆ ಮರಳುಗಲ್ಲು, ಕಾರ್ನ್‌ವಾಲ್‌ನಲ್ಲಿ ಗ್ರಾನೈಟ್. ಸುಣ್ಣಕಲ್ಲಿಗೆ ಆಮ್ಲ ಶತ್ರು. ವಿನೆಗರ್, ನಿಂಬೆರಸ, ಟಾಯ್ಲೆಟ್ ಆಸಿಡ್ ಯಾವುದು ಬಿದ್ದರೂ ನೊರೆ ಬರುತ್ತದಲ್ಲ, ಆ ನೊರೆ ಕರಗುತ್ತಿರುವ ಕಲ್ಲೇ.

ಎಲ್ಲ ಗಟ್ಟಿಯಾಗಿದೆ, ಅನುಮತಿಯೂ ಇದೆ, ಹೆಸರು ಪಾಚಿಯಲ್ಲಿ ಮುಚ್ಚಿಹೋಗಿದೆ ಎಂದಾದರೆ ತೊಳೆಯುವ ಕ್ರಮ ಹೀಗೆ. ಕಾಲ: ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಒಳಗೆ, ರಾತ್ರಿ ಹಿಮ ಬೀಳುವ ಸಂಭವವೇ ಇಲ್ಲದ ದಿನಗಳಲ್ಲಿ. ಕಲ್ಲು ಕುಡಿದ ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಮೇಲ್ಮೈ ಹಪ್ಪಳದಂತೆ ಏಳುತ್ತದೆ. ಅಕ್ಟೋಬರ್ ಕೊನೆಯ ತೊಳೆಯುವಿಕೆಯನ್ನು ನಾವು ಇಷ್ಟು ವಿರೋಧಿಸುವುದಕ್ಕೆ ಇದೇ ದೊಡ್ಡ ಕಾರಣ. ಸಾಮಾನು: ಎರಡು ಬಕೆಟ್ ಬರಿ ನೀರು, ಮೆತ್ತನೆಯ ನಾರಿನ ಅಥವಾ ನೈಲಾನ್ ಬ್ರಷ್, ಅಕ್ಷರಗಳ ಒಳಗೆ ಆಡಿಸಲು ಮೆತ್ತನೆಯ ಟೂತ್‌ಬ್ರಷ್, ತುದಿ ಮೊಂಡು ಮಾಡಿದ ಮರದ ಕಡ್ಡಿ, ಸ್ಪಂಜು. ಸೋಪು, ಡಿಟರ್ಜೆಂಟ್, ಪಾಚಿ ಕೊಲ್ಲುವ ದ್ರಾವಣ ಬೇಡ. ಮೊದಲು ಹಿಂಬದಿಯಲ್ಲಿ, ಹೆಸರಿಲ್ಲದ ಕಡೆ, ಅಂಗೈಯಗಲ ತೊಳೆದು, ಒಣಗಲು ಬಿಟ್ಟು ನೋಡಿ. ನೀರಲ್ಲಿ ಮಣ್ಣಿನ ಬದಲು ಮರಳಿನ ಕಣ ಕಂಡರೆ ಕಲ್ಲೇ ಉದುರುತ್ತಿದೆ ಎಂದರ್ಥ, ಕೆಲಸ ಅಲ್ಲಿಗೆ ಬಿಡಿ.

ತೊಳೆಯುವುದು ಕೆಳಗಿನಿಂದ ಮೇಲಕ್ಕೆ. ಮನೆಯ ಗೋಡೆ ತೊಳೆಯುವ ಅಭ್ಯಾಸಕ್ಕೆ ಇದು ತಿರುಗುಮುರುಗು ಎನಿಸಬಹುದು. ಆದರೆ ಮೇಲಿನಿಂದ ಇಳಿಯುವ ಕೊಳೆನೀರು ಒಣಕಲ್ಲಿನ ಮೇಲೆ ಹರಿದರೆ ಕಲ್ಲು ಅದನ್ನು ಹೀರಿ ಪಟ್ಟೆ ಬೀಳುತ್ತದೆ. ಕೆಳಗೆ ಮೊದಲೇ ಒದ್ದೆಯಾಗಿದ್ದರೆ ಹೀರುವುದಿಲ್ಲ, ಹರಿದು ಹೋಗುತ್ತದೆ. ಒಂದು ಸಲಕ್ಕೆ ಒಂದು ಅಡಿ ಚದರ ಸಾಕು. ಒದ್ದೆ ಮಾಡಿ, ಪಾಚಿ ನೆನೆಯಲು ಕೆಲವು ನಿಮಿಷ ಬಿಟ್ಟು, ಒತ್ತಡ ಹಾಕದೆ ವೃತ್ತಾಕಾರವಾಗಿ ಉಜ್ಜಿ, ಸ್ಪಂಜಿನಿಂದ ಒರೆಸಿ. ಉಜ್ಜಲು ಒಂದು ಬಕೆಟ್, ಒರೆಸಲು ಇನ್ನೊಂದು. ನೀರು ಬಗ್ಗಡವಾದ ಕೂಡಲೇ ಚೆಲ್ಲಿ ಬೇರೆ ಹಿಡಿಯಿರಿ, ಇಲ್ಲದಿದ್ದರೆ ಕೊಳೆಯನ್ನೇ ತಿರುಗಿ ಹಚ್ಚಿದ ಹಾಗೆ. ತೋಟದ ಪೈಪು ಹಚ್ಚಿ ನೀರು ಹರಿಯಬಿಡಬೇಡಿ, ಸಂದುಗಳ ಮೂಲಕ, ಕಲ್ಲುಗಳನ್ನು ಒಳಗೆ ಜೋಡಿಸಿರುವ ಕಬ್ಬಿಣದ ಕೊಂಡಿಗಳಿಗೆ ತಲುಪುತ್ತದೆ. ಹಸಿರು ಪೂರ್ತಿ ಹೋಗಬೇಕೆಂಬ ಹಟವೂ ಬೇಡ, ಹೆಸರು ಓದಲು ಬಂತೆಂದರೆ ಕೆಲಸ ಮುಗಿಯಿತು.

ಬೂದು, ಹಳದಿ, ಕಿತ್ತಳೆ ಬಣ್ಣದ ಒಣ ಚಕ್ಕೆಗಳಂತೆ ಅಂಟಿರುವುದು ಪಾಚಿಯಲ್ಲ, ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗ. ಬ್ರಿಟನ್ನಿನ ಚರ್ಚ್ ಅಂಗಳಗಳಲ್ಲಿ ಇದರ ಏಳುನೂರರಷ್ಟು ಜಾತಿಗಳನ್ನು ಗುರುತಿಸಿದ್ದಾರೆ. ಕೆಲವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂದರೆ ನಿಮ್ಮ ಊರಿನ ಶಿಲುಬೆಯ ಮೇಲಿನ ಚಕ್ಕೆ ಶಿಲುಬೆಯಷ್ಟೇ ಹಳೆಯದಿರಬಹುದು. ಕೆಲವು ಜಾತಿಗಳಿಗೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕೆರೆದು ತೆಗೆದರೆ ಅದರ ಬೇರಿನಂಥ ಎಳೆಗಳ ಜೊತೆ ಕಲ್ಲಿನ ಕಣಗಳೂ ಕಿತ್ತು ಬರುತ್ತವೆ. ಹೆಸರಿನ ಮೇಲೆಯೇ ಬೆಳೆದು ಓದಲಾಗದಿದ್ದರೆ ಮಾತ್ರ ಅದರ ಮಾತೆತ್ತಿ, ಅದೂ ತಿಳಿದವರನ್ನು ಕೇಳಿ.

ಪ್ರೆಷರ್ ವಾಷರ್ ಮಾಡುವ ಹಾನಿ ಅಂದೇ ಕಾಣುವುದಿಲ್ಲ, ಅದಕ್ಕೇ ಜನ ನಂಬುವುದಿಲ್ಲ. ಗಾಳಿಮಳೆಗೆ ಹದಗೊಂಡ ಮೇಲ್ಪದರವನ್ನು ಅದು ಕಿತ್ತುಹಾಕುತ್ತದೆ, ಸಂದಿನ ಗಾರೆ ಹಾರಿಸುತ್ತದೆ, ನೀರನ್ನು ಆಳಕ್ಕೆ ನುಗ್ಗಿಸುತ್ತದೆ. ಒರಟಾದ ಮೈ ತೇವ ಹಿಡಿದಿಡುವುದರಿಂದ ಒಂದೆರಡು ವರ್ಷದಲ್ಲಿ ಮೊದಲಿಗಿಂತ ದಟ್ಟವಾಗಿ ಪಾಚಿ ಬರುತ್ತದೆ, ಮತ್ತೆ ವಾಷರ್ ಬರುತ್ತದೆ. ಬ್ಲೀಚ್ ಉಪ್ಪಾಗಿ ಕಲ್ಲಿನೊಳಗೆ ಉಳಿದು, ಒಣಗಿದಾಗಲೆಲ್ಲ ಹರಳುಗಟ್ಟಿ, ಮೇಲ್ಮೈಯನ್ನು ಒಳಗಿನಿಂದ ಪುಡಿ ಮಾಡುತ್ತದೆ. ತಂತಿ ಬ್ರಷ್ ಗೀರು ಹಾಕುವುದಲ್ಲದೆ ಉಕ್ಕಿನ ಚೂರು ಬಿಟ್ಟು ಹೋಗುತ್ತದೆ, ಮುಂದಿನ ಮಳೆಗೆ ಅದು ತುಕ್ಕಿನ ಚುಕ್ಕೆ.

ಅಕ್ಷರಗಳಲ್ಲಿ ಮೂರು ನಾಲ್ಕು ಬಗೆ ಇದೆ, ಒಂದೊಂದರ ಕಾಯಿಲೆ ಒಂದೊಂದು. ಉಳಿಯಿಂದ ಇಳಿಜಾರಾಗಿ ಕೊರೆದ ಅಕ್ಷರದ ಜೀವ ಅದರ ಅಂಚಿನಲ್ಲಿದೆ. ಅಂಚು ಉರುಟಾದರೆ ನೆರಳು ಬೀಳುವುದಿಲ್ಲ, ನೆರಳಿಲ್ಲದೆ ಓದಲಾಗುವುದಿಲ್ಲ. ಮತ್ತೆ ಕೊರೆಸೋಣ ಎನ್ನುವವರಿಗೆ ಒಂದು ಮಾತು: ಪ್ರತಿ ಸಲ ಕೊರೆದಾಗಲೂ ಗೆರೆ ಅಗಲವಾಗುತ್ತದೆ, 1920ರ ಕುಶಲಕರ್ಮಿಯ ಕೈ ಅಳಿಸಿ ಹೋಗುತ್ತದೆ. ಅದು ಕೊನೆಯ ದಾರಿಯಾಗಲಿ. ಅದಕ್ಕೆ ಮೊದಲು ಪೂರ್ತಿ ಹೆಸರುಪಟ್ಟಿಯನ್ನು ಚರ್ಚಿನ ಒಳಗೆ ಬೇರೆ ಫಲಕದಲ್ಲಿ ಹಾಕಬಹುದೇ ಎಂದು ಯೋಚಿಸಿ. ಸೀಸದ ಅಕ್ಷರವಾದರೆ ಕಲ್ಲಿನಲ್ಲಿ ಸಣ್ಣ ರಂಧ್ರ ಕೊರೆದು ಸೀಸವನ್ನು ಬಡಿದು ಕೂರಿಸಿರುತ್ತಾರೆ. ಮೂಲೆ ಎದ್ದಿದೆಯೆಂದು ಚಾಕುವಿನಿಂದ ಮೀಟಬೇಡಿ. ಬಿದ್ದ ಅಕ್ಷರ ಹೆಚ್ಚಾಗಿ ಬುಡದ ಹುಲ್ಲಿನಲ್ಲೇ ಸಿಗುತ್ತದೆ, ಯಾವ ಸಾಲಿನ ಯಾವ ಹೆಸರಿನದು ಎಂದು ಬರೆದು ಲಕೋಟೆಯಲ್ಲಿಟ್ಟು ಚರ್ಚ್‌ವಾರ್ಡನ್ ಕೈಗೆ ಕೊಡಿ. ಬಣ್ಣ ತುಂಬಿದ ಅಕ್ಷರವಾದರೆ ಮೂಲದಲ್ಲಿ ಬಣ್ಣ ಇತ್ತೆಂಬ ಗುರುತು ಸಿಗದ ಹೊರತು ಕಪ್ಪು ಪೇಂಟ್ ತುಂಬಬೇಡಿ, ಸುಣ್ಣಕಲ್ಲು ಅದನ್ನು ಹೀರಿ ಗೆರೆಯಾಚೆ ಹರಡುತ್ತದೆ. ನಮ್ಮ ಕಡೆ ಎಷ್ಟೋ ವೀರಗಲ್ಲುಗಳಿಗೆ ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿದು ಕೆತ್ತನೆಯ ಸೂಕ್ಷ್ಮ ಮುಚ್ಚಿಹಾಕಿದ್ದಾರೆ. ಆ ಅಭ್ಯಾಸ ಇಲ್ಲಿಗೆ ಬಾರದಿರಲಿ.

ಕಂಚಿನ ಫಲಕ ಕಂಡರೆ ಹುಣಸೆಹಣ್ಣಿನ ನೆನಪಾಗುವುದು ಸಹಜ. ಆದರೆ ದೇವರ ಮನೆಯ ಹಿತ್ತಾಳೆಯಂತೆ ಅದು ಹೊಳೆಯಲೆಂದು ಮಾಡಿದ್ದಲ್ಲ, ಆ ಕಂದುಬಣ್ಣ ಎರಕದವರು ಬೇಕೆಂದೇ ಹಿಡಿಸಿದ್ದು. ಹುಣಸೆಯಾಗಲಿ ಲೋಹದ ಪಾಲಿಶ್ ಆಗಲಿ ಅದನ್ನು ತೆಗೆದುಹಾಕುತ್ತದೆ, ಕೆಳಗಿನ ಸುಣ್ಣಕಲ್ಲಿಗೆ ಸೋರಿ ಹಸಿರು ಕಲೆ ಮಾಡುತ್ತದೆ. ಕಂಚಿಗೆ ಬೇಕಾದ್ದು ವರ್ಷಕ್ಕೊಮ್ಮೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಲೇಪ. ಮೊದಲ ಸಲ ಪರಿಣತರಿಂದ ಹಚ್ಚಿಸಿ, ನಂತರದ್ದನ್ನು ಅವರನ್ನು ನೋಡಿ ಕಲಿಯಬಹುದು. ಗುಜರಿ ಕಳ್ಳರ ಭಯವೂ ಇದೆ. 2013ರ ಕಾಯ್ದೆ ಗುಜರಿಗೆ ನಗದು ಕೊಡುವುದನ್ನು ನಿಷೇಧಿಸಿದ್ದರೂ ಕಳ್ಳತನ ಪೂರ್ತಿ ನಿಂತಿಲ್ಲ. ಫಲಕದ ಸ್ಪಷ್ಟ ಫೋಟೋ, ಅಳತೆ ದಾಖಲಾಗಿರಲಿ. ಕದ್ದ ಲೋಹವನ್ನು ಪತ್ತೆಹಚ್ಚಲು ನೆರವಾಗುವ ಗುರುತಿನ ದ್ರಾವಣ ಹಚ್ಚಿಸುವ ಬಗ್ಗೆ ವಾರ್ ಮೆಮೋರಿಯಲ್ಸ್ ಟ್ರಸ್ಟ್ ಅನ್ನು ಕೇಳಿ. 1997ರಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆ ಯಾವುದೇ ಸ್ಮಾರಕದ ಬಗ್ಗೆ ಉಚಿತವಾಗಿ ಸಲಹೆ ಕೊಡುತ್ತದೆ.

ಮೆಟ್ಟಿಲ ಸಂದುಗಳಲ್ಲಿ ಬೂದು ಸಿಮೆಂಟ್ ಕಂಡರೆ ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು ಅದು. ಸಿಮೆಂಟ್ ಕಲ್ಲಿಗಿಂತ ಗಟ್ಟಿ. ಒಳಗಿನ ತೇವ ಸಂದಿನಿಂದ ಹೊರಬರಲಾಗದೆ ಕಲ್ಲಿನ ಅಂಚಿನಿಂದಲೇ ಬರುತ್ತದೆ, ಚಳಿಗೆ ಅಂಚು ಒಡೆಯುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಆಗಬೇಕು, ಕಟ್ಟಿದ ಮೇಲೆ ಹಲವು ದಿನ ಒದ್ದೆ ಗೋಣಿತಾಟು ಹೊದಿಸಿ ನಿಧಾನವಾಗಿ ಒಣಗಿಸಬೇಕು. ಸಂದಿನಿಂದ ಕಂದು ಕಲೆ ಇಳಿದು, ಅಲ್ಲಿಂದಲೇ ಬಿರುಕು ಹೊರಟಿದ್ದರೆ ಒಳಗಿನ ಕಬ್ಬಿಣದ ಕೊಂಡಿ ತುಕ್ಕು ಹಿಡಿದಿದೆ. ತುಕ್ಕು ಹಲವು ಪಟ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ. ಇದಕ್ಕೆ ತಡ ಮಾಡುವಂತಿಲ್ಲ, ಬಿಚ್ಚಿ ಸ್ಟೇನ್‌ಲೆಸ್ ಉಕ್ಕಿನ ಕೊಂಡಿ ಹಾಕಿಸಬೇಕು. ಶಿಲುಬೆ ಅಲುಗಾಡುವಂತೆ ಕಂಡರೆ ತಳ್ಳಿ ನೋಡಬೇಡಿ. ಮಕ್ಕಳು ಹತ್ತಿರ ಹೋಗದಂತೆ ಹಗ್ಗ ಕಟ್ಟಿ ಅದೇ ದಿನ ಚರ್ಚಿಗೆ ತಿಳಿಸಿ.

ಶ್ರಮದಾನಕ್ಕೆ ನಿಜವಾಗಿ ಒಪ್ಪುವ ಕೆಲಸ ಇರುವುದು ನೆಲದ ಮೇಲೆ. ಹುಲ್ಲು ಕತ್ತರಿಸುವ ಸ್ಟ್ರಿಮ್ಮರಿನ ದಾರ ಬುಡದ ಕಲ್ಲಿಗೆ ಬಡಿದು ಬಡಿದು ಕಚ್ಚು ಹಾಕುತ್ತದೆ, ಬುಡದ ಸುತ್ತ ಒಂದು ಗೇಣು ಜಾಗವನ್ನು ಕೈಕತ್ತರಿಯಿಂದಲೇ ಕತ್ತರಿಸಿ. ಕಳೆನಾಶಕ ಸಿಂಪಡಿಸಬೇಡಿ, ಚಳಿಗಾಲದಲ್ಲಿ ಮೆಟ್ಟಿಲಿಗೆ ಉಪ್ಪು ಹಾಕಬೇಡಿ. ಐವಿ ಬಳ್ಳಿ ಹಬ್ಬಿದ್ದರೆ ಎಳೆಯದೆ ಬುಡದಲ್ಲಿ ಕತ್ತರಿಸಿ, ಒಣಗಲು ಬಿಡಿ.

ಸ್ಮರಣೆಯ ದಿನ ಇಡುವ ಪಾಪಿ (ಕೆಂಪು ಗಸಗಸೆ) ಹೂಮಾಲೆಗಳನ್ನು ತಂತಿಯಿಂದ ಕಟ್ಟುವುದು, ಅಂಟಿಸುವುದು ಬೇಡ. ಮಳೆಗೆ ಕೆಂಪು ಬಣ್ಣ ಬಿಟ್ಟು ಸುಣ್ಣಕಲ್ಲಿಗೆ ಇಳಿಯುತ್ತದೆ, ಆದ್ದರಿಂದ ಕಲ್ಲಿಗೆ ಒರಗಿಸದೆ ಸ್ಟ್ಯಾಂಡಿನ ಮೇಲಿಡಿ, ಯಾವಾಗ ತೆಗೆಯಬೇಕೆಂದು ಚರ್ಚಿನವರ ಜೊತೆ ಮೊದಲೇ ಮಾತಾಡಿಕೊಳ್ಳಿ. ನಮ್ಮವರು ಗೌರವದಿಂದ ದೀಪ ಹಚ್ಚಲು, ಅರಿಶಿನ ಕುಂಕುಮ ಇಡಲು ಬಯಸಬಹುದು. ಭಾವನೆ ದೊಡ್ಡದು, ಆದರೆ ಎಣ್ಣೆ ಸುಣ್ಣಕಲ್ಲಿನ ಆಳಕ್ಕೆ ಇಳಿದರೆ ಹೊರತೆಗೆಯುವುದು ಬಹಳ ಕಷ್ಟ, ಅರಿಶಿನದ ಕಲೆಯೂ ಹಾಗೆಯೇ. ಪಾದ್ರಿಗಳನ್ನು ಕೇಳಿ, ಕಲ್ಲಿನಿಂದ ದೂರ, ಹುಲ್ಲಿನ ಮೇಲೆ ತಟ್ಟೆಯಲ್ಲಿ ದೀಪ ಇಡಬಹುದು. ಬಿಡಿ ಹೂ ಸಾಕು, ಅದನ್ನೂ ಬಾಡುವ ಮುಂಚೆ ತೆಗೆಯಿರಿ.

ಹೆಸರು ಬಿಟ್ಟುಹೋಗಿದೆ, ಸೇರಿಸಬೇಕು ಎಂಬ ಬೇಡಿಕೆ ಆಗಾಗ ಬರುತ್ತದೆ. ಆತುರ ಬೇಡ. ಅದೇ ವ್ಯಕ್ತಿಯ ಹೆಸರು ಪಕ್ಕದ ಊರಿನಲ್ಲೋ ಕೆಲಸ ಮಾಡಿದ ರೈಲ್ವೆಯ ಫಲಕದಲ್ಲೋ ಇರಬಹುದು. ಮಗ ಸತ್ತನೆಂದು ಒಪ್ಪದೆ ಹೆಸರು ಕೊಡಲು ನಿರಾಕರಿಸಿದ ತಂದೆತಾಯಿಯರೂ ಇದ್ದರು. ಕಮಿಷನ್ನಿನ ದಾಖಲೆ, 1911ರ ಜನಗಣತಿ, ಚರ್ಚಿನ ರಿಜಿಸ್ಟರ್ ಮೂರನ್ನೂ ತಾಳೆ ನೋಡಿ, ಆಮೇಲೆ ಅನುಮತಿಗೆ ಹೋಗಿ. ಹಳೆಯ ಕಾಗುಣಿತದ ತಪ್ಪನ್ನು ಕಲ್ಲಿನಲ್ಲಿ ತಿದ್ದಬಾರದು, ದಾಖಲೆಯಲ್ಲಿ ತಿದ್ದಿದರೆ ಸಾಕು ಎಂಬುದು ನಮ್ಮ ಅಭಿಪ್ರಾಯ.

ಈ ವರ್ಷಕ್ಕೆ ನೀವು ಮಾಡಬೇಕಾದ್ದು ಇಷ್ಟು. ಮುಂದಿನ ಸಭೆಯಲ್ಲಿ ಪ್ರೆಷರ್ ವಾಷರ್ ಮಾತು ಬಂದರೆ ಬೇಡವೆನ್ನಿ, ಈ ಪತ್ರದ ಕಾರಣಗಳನ್ನು ಹೇಳಿ. ನವೆಂಬರಿಗೆ ಕಲ್ಲು ಹಸಿರಾಗಿದ್ದರೆ ಹಸಿರಾಗಿಯೇ ಇರಲಿ. ಚಳಿಗಾಲದಲ್ಲಿ ಒಡೆತನ, ಪಟ್ಟಿ, ಅನುಮತಿಯ ಕಾಗದ ಮುಗಿಸಿ. ಟಾರ್ಚ್ ಹಿಡಿದು ಫೋಟೋ ತೆಗೆಯಲು ಬೇಗ ಕತ್ತಲಾಗುವ ಡಿಸೆಂಬರ್ ಸಂಜೆಗಳೇ ಅನುಕೂಲ. ಏಪ್ರಿಲಿನಲ್ಲಿ ನಾಲ್ಕೂ ದಿಕ್ಕಿನಿಂದ, ಪ್ರತಿ ವರ್ಷ ನಿಂತ ಜಾಗದಲ್ಲೇ ನಿಂತು, ಹಗಲಿನ ಫೋಟೋ ತೆಗೆಯಿರಿ. ಹಿಂದಿನ ವರ್ಷದ್ದರ ಪಕ್ಕ ಇಟ್ಟು ನೋಡಿದರೆ ಬಿರುಕು ಬೆಳೆದಿದೆಯೇ, ಅಕ್ಷರ ಬಿದ್ದಿದೆಯೇ ಎಂದು ತಿಳಿಯುತ್ತದೆ. ಒಂದು ಪ್ರತಿ ಚರ್ಚಿಗೆ, ಒಂದು ಪ್ಯಾರಿಷ್ ಕೌನ್ಸಿಲಿಗೆ, ಒಂದು ಕೌಂಟಿಯ ದಾಖಲೆ ಕಚೇರಿಗೆ ಕೊಡಿ. ಹೆಸರುಗಳನ್ನು ಇಂಪೀರಿಯಲ್ ವಾರ್ ಮ್ಯೂಸಿಯಂನ ಸ್ಮಾರಕಗಳ ರಿಜಿಸ್ಟರಿನ ಜೊತೆ ತಾಳೆ ನೋಡಿ, ಅಲ್ಲಿ ಬಿಟ್ಟುಹೋಗಿದ್ದರೆ ಅವರಿಗೆ ಬರೆದು ತಿಳಿಸಿ.

ಇಂತಿ ನಿಮ್ಮವರು,
ಇಂಗ್ಲೆಂಡಿನಲ್ಲಿ ಕಲ್ಲಿನ ಸಂರಕ್ಷಣೆಯ ಕೆಲಸದಲ್ಲಿರುವ ಕೆಲವು ಕನ್ನಡಿಗರು